ಕೈ ಬೀಸಿಕೊಂಡು ನಡೆಯುವ ಅರ್ಧ ಗಂಟೆ

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಚರ್ಚಿಸುವುದಕ್ಕಾಗಿ)



ಜೆ.ಪಿ. ನಗರದ ನಮ್ಮ ಒಂದು ಸಂಘದ ಸಭೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಆರೋಗ್ಯದ ಮಾತು ಬಂತು. "ದಿನಾ ಅರ್ಧ ಗಂಟೆ ನಡೆಯಬೇಕು" ಅಂತ ನಾವು ಬಾಯಿ ತೆಗೆದದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿಯೇ ಬಿಟ್ಟರು: "ನಮಗ್ಯಾಕೆ ಮೇಡಂ ವಾಕಿಂಗು? ಬೆಳಗ್ಗೆ ಆರು ಗಂಟೆಗೆ ಹೊರಟು ನಾಲ್ಕು ಮನೆ ಸುತ್ತಿ ಬರ್ತೀನಿ. ಮೆಟ್ಟಿಲು ಹತ್ತಿ ಇಳಿದು ಮಂಡಿ ಹೋಗಿದೆ. ವಾಕಿಂಗು ಬೇಕಾಗಿರೋದು ಆ ಮನೆ ಅಮ್ಮನಿಗೆ, ನನಗಲ್ಲ."

ಎಲ್ಲರೂ ನಕ್ಕರು. ನಾವೂ ನಕ್ಕೆವು. ಉತ್ತರ ಮಾತ್ರ ನಮ್ಮ ಬಾಯಿಗೆ ಬರಲಿಲ್ಲ. ಆ ಅಕ್ಕನ ಪಕ್ಕದಲ್ಲೇ ಕೂತಿದ್ದವರು ಹೊಲಿಗೆಯವರು. ದಿನಕ್ಕೆ ಒಂಬತ್ತು ಹತ್ತು ಗಂಟೆ ಮಿಷನ್ ಮುಂದೆ ಕೂರುತ್ತಾರೆ, ಮನೆಯಿಂದ ಹೊರಗೆ ಬರುವುದು ನೂಲು ಬೇಕಾದಾಗ ಮಾತ್ರ. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಆಗಷ್ಟೇ ಗೊತ್ತಾಗಿತ್ತು. ಒಬ್ಬರಿಗೆ ನಡೆದು ನಡೆದು ಸಾಕಾಗಿದೆ, ಇನ್ನೊಬ್ಬರು ನಡೆಯುವುದೇ ಇಲ್ಲ. ಇಬ್ಬರಿಗೂ ಒಂದೇ ಮಾತು ಹೇಳಿದ್ದು ನಮ್ಮ ತಪ್ಪು. ಅದಕ್ಕೇ ಈ ತಿಂಗಳ ಪಾಠ ನಡಿಗೆಯ ಬಗ್ಗೆ. ಸಕ್ಕರೆ, ಬಿ.ಪಿ. ಮಾತು ಇದರಲ್ಲಿ ಇದೆ. ಅದಕ್ಕಿಂತ ಹೆಚ್ಚಾಗಿ, ನಡೆಯುವಾಗ ನಮ್ಮ ತಲೆಯೊಳಗೆ ಏನಾಗುತ್ತದೆ ಅನ್ನುವುದರ ಬಗ್ಗೆ ಹೇಳಬೇಕೆಂದಿದ್ದೇವೆ. ಅದನ್ನು ನಮಗೆ ಯಾರೂ ಹೇಳುವುದಿಲ್ಲ.

ಮೊದಲು ದೇಹದ ಮಾತು

ನಾವು ಊಟ ಮಾಡಿದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಸುಮ್ಮನೆ ಕೂತರೆ ಅದು ನಿಧಾನವಾಗಿ ಇಳಿಯುತ್ತದೆ. ಎದ್ದು ನಡೆದರೆ ತೊಡೆಯ, ಮೀನಖಂಡದ ಸ್ನಾಯುಗಳು ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಒಲೆಗೆ ಸೌದೆ ಹಾಕಿದ ಹಾಗೆ. ಇದಕ್ಕೆ ಒಂದು ಗಂಟೆ ಬೇಕಾಗಿಲ್ಲ. ಊಟದ ನಂತರ ಎರಡರಿಂದ ಐದು ನಿಮಿಷ ನಿಧಾನವಾಗಿ ಓಡಾಡಿದರೂ, ಕೂತೇ ಇರುವುದಕ್ಕಿಂತ ಸಕ್ಕರೆ ಕಡಿಮೆ ಏರುತ್ತದೆ ಎಂದು 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು ಹೇಳಿದ್ದಾರೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ಒಂದೊಂದು ಸಂಘದಲ್ಲೂ ಅಂಥವರು ಇಬ್ಬರು ಮೂವರು ಇದ್ದೇ ಇದ್ದಾರೆ. ಹೊಲಿಗೆಯ ಅಕ್ಕಂದಿರು, ಹೂ ಕಟ್ಟುವವರು, ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವವರು ಬೇರೆ ಏನೂ ಮಾಡಲಾಗದಿದ್ದರೂ ಮಧ್ಯಾಹ್ನ ಊಟದ ತಟ್ಟೆ ತೊಳೆದ ಮೇಲೆ ವಠಾರದಲ್ಲಿ ಎರಡು ಸುತ್ತು ಹಾಕಿ. ಆಮೇಲೆ ಮಿಷನ್‌ಗೆ ಕೂರಿ.

ಮೀನಖಂಡದ ಬಗ್ಗೆ ಇನ್ನೊಂದು ಮಾತು. ಹೃದಯದಿಂದ ಕಾಲಿಗೆ ಇಳಿದ ರಕ್ತ ಮತ್ತೆ ಮೇಲಕ್ಕೆ ಏರಬೇಕಲ್ಲವೇ? ಆ ಕೆಲಸಕ್ಕೆ ಮೀನಖಂಡ ಪಂಪಿನ ಹಾಗೆ ಸಹಾಯ ಮಾಡುತ್ತದೆ, ಹೆಜ್ಜೆ ಇಟ್ಟಾಗಲೆಲ್ಲ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ದಿನವಿಡೀ ಕಾಲು ಇಳಿಬಿಟ್ಟು ಕೂತವರಿಗೂ, ಒಂದೇ ಕಡೆ ನಿಂತು ಪಾತ್ರೆ ತೊಳೆಯುವವರಿಗೂ ಸಂಜೆ ಹೊತ್ತಿಗೆ ಕಾಲು ಊದುವುದು ಈ ಪಂಪು ನಿಂತಿರುವುದರಿಂದ.

ಹಾಗಾದರೆ ಎಷ್ಟು ನಡೆಯಬೇಕು? ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಬಿರುಸಾದ ನಡಿಗೆ ಅಥವಾ ಅಂಥದೇ ಬೇರೆ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಅಂತ ಲೆಕ್ಕ. ಬಿರುಸು ಅಂದರೆ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಮಾತ್ರ ಉಸಿರು ಸಾಲಬಾರದು. ಅಷ್ಟೇ. ಮಕ್ಕಳು ಫೋನಿನಲ್ಲಿ ತೋರಿಸುವ ಹತ್ತು ಸಾವಿರ ಹೆಜ್ಜೆಯ ಲೆಕ್ಕಕ್ಕೆ ಹೆದರಬೇಡಿ. ಆ ಸಂಖ್ಯೆಯನ್ನು ಮೊದಲು ಹೇಳಿದ್ದು ವೈದ್ಯರಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರವನ್ನು ಮಾರಾಟಕ್ಕೆ ತಂದಾಗ ಅದಕ್ಕೆ ಇಟ್ಟ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಅಲ್ಲಿಂದ ಅದು ಊರೆಲ್ಲ ಹಬ್ಬಿತು. 2019ರಲ್ಲಿ ಅಮೆರಿಕದಲ್ಲಿ ಸುಮಾರು 16,700 ವಯಸ್ಸಾದ ಮಹಿಳೆಯರ ಹೆಜ್ಜೆ ಎಣಿಸಿ ನೋಡಿದಾಗ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ 2,700 ಹೆಜ್ಜೆಯವರಿಗಿಂತ ಬಹಳ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 4,400 ಹೆಜ್ಜೆ ಅಂದರೆ ನಮ್ಮ ನಡಿಗೆಯಲ್ಲಿ ಎರಡೂವರೆ ಮೂರು ಕಿಲೋಮೀಟರು.

ಈಗ ನಾಲ್ಕು ಮನೆ ಸುತ್ತುವ ಅಕ್ಕನಿಗೆ ಅರ್ಧ ಉತ್ತರ ಸಿಕ್ಕಿತು. ಅಕ್ಕಾ, ನೀವು ನಡೆಯುವುದು ನಡಿಗೆಯೇ. ಕೆಲಸಕ್ಕೆ ನಡೆದದ್ದು ಲೆಕ್ಕಕ್ಕಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಕಾಲಿಗೆ ಇನ್ನಷ್ಟು ಕಿಲೋಮೀಟರು ಬೇಕಾಗಿಲ್ಲ, ಮಂಡಿಗೆ ಚಿಕಿತ್ಸೆ ಬೇಕು, ಸ್ವಲ್ಪ ವಿಶ್ರಾಂತಿ ಬೇಕು. ಇನ್ನರ್ಧ ಉತ್ತರ ಮುಂದಿದೆ.

ರಾಗಿಕಲ್ಲು ಮತ್ತು ಕೆರೆ ಏರಿ

ನಮ್ಮ ಅಜ್ಜಿಯರು ಬೆಳಗಿನ ಜಾವ ಎದ್ದು ರಾಗಿ ಬೀಸುತ್ತಿದ್ದರು. ಬೀಸುತ್ತಾ ಬೀಸುತ್ತಾ ಹಾಡುತ್ತಿದ್ದರು. ತವರಿನ ನೆನಪು, ಅತ್ತೆ ಮನೆಯ ನೋವು, ಕೂಸಿನ ಆಟ, ಅಣ್ಣ ಬರಲಿಲ್ಲವೆಂಬ ಬೇಸರ, ಎಲ್ಲವೂ ಮೂರು ಸಾಲಿನ ತ್ರಿಪದಿಯಾಗಿ ಬರುತ್ತಿತ್ತು. ಉತ್ತರ ಕರ್ನಾಟಕದ ಹಲಸಂಗಿ ಗೆಳೆಯರು ಅಂಥ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ಮಾಡಿದರು. ಓದು ಬರಹ ಬಾರದ ಹೆಂಗಸರು ಅಷ್ಟು ಚೆನ್ನಾಗಿ ಪದ ಕಟ್ಟಿದ್ದು ಹೇಗೆ? ಕೈ ಒಂದೇ ಲಯದಲ್ಲಿ ತಿರುಗುತ್ತಿತ್ತು. ಕೈಗೆ ಕೆಲಸ ಇತ್ತು, ಆದರೆ ಅದಕ್ಕೆ ತಲೆ ಬೇಕಾಗಿರಲಿಲ್ಲ. ಯಾರೂ ಮಧ್ಯೆ ಬಂದು ಕರೆಯದ ಹೊತ್ತು ಅದು. ಮನಸ್ಸು ತನ್ನ ಪಾಡಿಗೆ ಹರಿಯುತ್ತಿತ್ತು.

ಈಗ ರಾಗಿ ಮಿಲ್ಲಿಗೆ ಹೋಗುತ್ತದೆ, ಅಥವಾ ಹಿಟ್ಟೇ ಪ್ಯಾಕೆಟ್‌ನಲ್ಲಿ ಬರುತ್ತದೆ. ಬೀಸುವ ಕಷ್ಟ ತಪ್ಪಿದ್ದು ಬಹಳ ಒಳ್ಳೆಯದಾಯಿತು, ಅದನ್ನು ಮತ್ತೆ ಬಾ ಅಂತ ನಾವು ಕರೆಯುವುದಿಲ್ಲ. ಅದರ ಜೊತೆಗೆ ಆ ಒಂಟಿ ಹೊತ್ತೂ ಹೋಯಿತು ನೋಡಿ. ಅದನ್ನು ಈಗ ಎಲ್ಲಿ ಹುಡುಕುವುದು? ನಡಿಗೆಯಲ್ಲಿ ಸಿಗುತ್ತದೆ ಎಂಬುದು ನಮ್ಮ ಅನುಭವ. ಅಲ್ಲೂ ಲಯ ಇದೆ. ಹೆಜ್ಜೆ ತಾನಾಗಿ ಬೀಳುತ್ತದೆ, ತಲೆಗೆ ಬಿಡುವು ಸಿಗುತ್ತದೆ.

ಕುವೆಂಪು ಅವರ ವಿಷಯ ನಿಮ್ಮಲ್ಲಿ ಶಾಲೆಗೆ ಹೋದವರಿಗೆ ಗೊತ್ತಿರುತ್ತದೆ. ಮೈಸೂರಿನಲ್ಲಿ ಇದ್ದಾಗ ಅವರಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ನಡಿಗೆ ಊಟದಷ್ಟೇ ಮುಖ್ಯ. ಆ ಕೆರೆ, ಅಲ್ಲಿನ ಹಕ್ಕಿಗಳು, ಸಂಜೆಯ ಆಕಾಶ ಅವರ ಎಷ್ಟೋ ಕವಿತೆಗಳಿಗೆ ದಾರಿ ತೋರಿಸಿದವು. ಆರ್.ಕೆ. ನಾರಾಯಣ್ ಅವರೂ ಮೈಸೂರಿನ ಬೀದಿಗಳಲ್ಲಿ ದಿನಾ ನಡೆಯುತ್ತಿದ್ದರು, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುತ್ತಿದ್ದರು, ಮನೆಗೆ ಬಂದು ಕಥೆ ಬರೆಯುತ್ತಿದ್ದರು. ಇದನ್ನು ಒಂದು ಸಂಘದಲ್ಲಿ ಹೇಳಿದಾಗ ಒಬ್ಬರು, "ಅವರು ಹಂಗೆ ಸುತ್ತಾಡಿ ಬರೋವಾಗ ಮನೇಲಿ ಮುದ್ದೆ ತಿರುವಿಟ್ಟೋರು ಯಾರು?" ಅಂದರು. ನ್ಯಾಯವಾದ ಪ್ರಶ್ನೆ. ಹೆಂಗಸು ಹೀಗೆ ನಡೆದಾಗ ಊರು ಸುಮ್ಮನಿರುವುದಿಲ್ಲ. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಅವಳನ್ನು ಪ್ರಶ್ನೆ ಮಾಡಿದವರು ಎಷ್ಟು ಜನ! ನಾವು ಸಾರಕ್ಕಿ ಕೆರೆಗೆ ಒಂದು ಸುತ್ತು ಹಾಕಿ ಬಂದರೂ "ಎಲ್ಲಿಗೆ ಹೋಗಿದ್ದೆ?" ಅಂತ ಕೇಳುತ್ತಾರೆ.

ಪರೀಕ್ಷೆ ಮಾಡಿ ನೋಡಿದವರು

ನಡೆದರೆ ಹೊಸ ಯೋಚನೆ ಬರುತ್ತದೆ ಅನ್ನುವುದು ಕವಿಗಳ ಮಾತು ಮಾತ್ರವೋ, ನಿಜವೋ? ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮರಿಲಿ ಓಪೆಝೋ ಎಂಬ ಮಹಿಳೆ ತಮ್ಮ ಪ್ರಾಧ್ಯಾಪಕರಾದ ಡೇನಿಯಲ್ ಶ್ವಾರ್ಟ್ಸ್ ಜೊತೆ ಸೇರಿ ಇದನ್ನು ಪರೀಕ್ಷೆ ಮಾಡಿದರು. ಅವರ ವರದಿ 2014ರಲ್ಲಿ ಪ್ರಕಟವಾಯಿತು. ನಾಲ್ಕು ಪ್ರಯೋಗ, ಒಟ್ಟು 176 ಜನ. ಒಂದು ಸಾಮಾನ್ಯ ವಸ್ತುವಿನ ಹೆಸರು ಹೇಳಿ, ಇದನ್ನು ಇನ್ನೂ ಯಾವ ಯಾವ ಕೆಲಸಕ್ಕೆ ಬಳಸಬಹುದು ಹೇಳಿ ಅಂತ ಕೇಳಿದರು. ಕೂತಾಗ ಒಮ್ಮೆ, ನಡೆಯುವಾಗ ಒಮ್ಮೆ. ನಡೆಯುವಾಗ ಹೊಸ ಯೋಚನೆಗಳು ಸರಾಸರಿ ಶೇ. 60ರಷ್ಟು ಹೆಚ್ಚಿದವು.

ಇದರಲ್ಲಿ ನಮಗೆ ಮೂರು ಸಂಗತಿ ಬಹಳ ಹಿಡಿಸಿದವು. ಒಂದು, ಕೋಣೆಯೊಳಗೆ ಖಾಲಿ ಗೋಡೆಯ ಎದುರು ಯಂತ್ರದ ಪಟ್ಟಿಯ ಮೇಲೆ ನಡೆದವರಿಗೂ ಯೋಚನೆ ಬಂತು. ಅಂದರೆ ಕೆಲಸ ಮಾಡಿದ್ದು ಕಾಲು, ಸುತ್ತಲಿನ ನೋಟ ಅಲ್ಲ. ಪಾರ್ಕು ದೂರ ಇರುವವರಿಗೆ, ಸಣ್ಣ ಗಲ್ಲಿಯಲ್ಲಿ ಇರುವವರಿಗೆ ಇದು ಸಮಾಧಾನದ ಮಾತು. ಎರಡು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಆ ಗುಣ ಉಳಿದಿತ್ತು. ಮೂರನೆಯದನ್ನು ಯಾರೂ ಹೇಳುವುದಿಲ್ಲ, ನಾವು ಹೇಳುತ್ತೇವೆ. ಒಂದೇ ಒಂದು ಸರಿಯುತ್ತರ ಇರುವ ಪ್ರಶ್ನೆ ಕೊಟ್ಟಾಗ, ನಡೆಯುತ್ತಿದ್ದವರು ಕೂತವರಿಗಿಂತ ಸ್ವಲ್ಪ ಹಿಂದೆ ಬಿದ್ದರು. ಅಂದರೆ ಎಲ್ಲ ಯೋಚನೆಗೂ ನಡಿಗೆ ಮದ್ದಲ್ಲ. ಬಡ್ಡಿ ಲೆಕ್ಕ, ಪಾಸ್‌ಬುಕ್ಕಿನ ತಾಳೆ, ಬಟ್ಟೆಯ ಅಳತೆ ಇವಕ್ಕೆ ಕೂರಬೇಕು. ಯಾವ ದಾರಿ ಹಿಡಿಯೋಣ, ಬೇರೆ ಏನು ಮಾಡಬಹುದು ಅನ್ನುವುದಕ್ಕೆ ನಡೆಯಬೇಕು.

ಈ ಪರೀಕ್ಷೆಯಲ್ಲಿ ಇದ್ದವರಲ್ಲಿ ಹೆಚ್ಚಿನವರು ಅಲ್ಲಿನ ಕಾಲೇಜು ಮಕ್ಕಳು. ಅವರು ಬೇರೆ, ನಾವು ಬೇರೆ. ಹಾಗಾಗಿ ನಮ್ಮವರದೇ ಒಂದು ಕಥೆ ಹೇಳುತ್ತೇವೆ, ಹೆಸರು ಬೇಡ.

ನಮ್ಮ ಒಬ್ಬ ಹೊಲಿಗೆಯ ಅಕ್ಕನಿಗೆ ಶಾಲೆಯೊಂದರ ವಾರ್ಷಿಕೋತ್ಸವದ ನೃತ್ಯಕ್ಕೆ 24 ಲಂಗ ಹೊಲಿಯುವ ಆರ್ಡರ್ ಸಿಕ್ಕಿತ್ತು. ಸಂಘದಿಂದ ಎಂಟು ಸಾವಿರ ಸಾಲ ತೆಗೆದು ಬಟ್ಟೆ ತಂದರು. ಕತ್ತರಿ ಹಾಕುವ ಮೊದಲು ಅಳೆದು ನೋಡಿದರೆ 21 ಲಂಗಕ್ಕೆ ಮಾತ್ರ ಬಟ್ಟೆ ಇದೆ! ಅಂಗಡಿಗೆ ಹೋದರೆ ಆ ಬಣ್ಣ ಮುಗಿದಿದೆ. ಬೇರೆ ಥಾನು ತಂದರೆ ಬಣ್ಣದಲ್ಲಿ ವ್ಯತ್ಯಾಸ, ವೇದಿಕೆಯ ದೀಪಕ್ಕೆ ಎದ್ದು ಕಾಣುತ್ತದೆ. ಎರಡು ರಾತ್ರಿ ನಿದ್ದೆ ಇಲ್ಲ. ಮನೆಯವರು ಆರ್ಡರ್ ವಾಪಸ್ ಕೊಡು ಅಂದರು. ವಾಪಸ್ ಕೊಟ್ಟರೆ ಸಾಲದ ಕಂತು ಎಲ್ಲಿಂದ?

ಮೂರನೆಯ ದಿನ ಬಾಬಿನ್ ಕೇಸ್ ಕೆಟ್ಟಿತು. ಹೊಸದು ತರಲು ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟರು. ಬಸ್ಸು ಬರಲಿಲ್ಲ, ನಡೆದೇ ಹೋದರು. ಹೋಗುವಾಗ ಬರೀ ಚಿಂತೆ. ಬರುವಾಗ ಯಾವುದೋ ಮನೆಯ ಮುಂದೆ ತಂತಿಯ ಮೇಲೆ ಒಗೆದ ಸೀರೆ ಒಣಗುತ್ತಿತ್ತು, ಹಸಿರು ಒಡಲಿಗೆ ಕೆಂಪು ಅಂಚು. ಅದನ್ನು ದಾಟಿ ಎರಡು ಕ್ರಾಸ್ ಬಂದ ಮೇಲೆ ತಟ್ಟನೆ ಹೊಳೆಯಿತಂತೆ: ಲಂಗಕ್ಕೂ ಅಂಚು ಹಚ್ಚಿದರೆ? ಒಡಲ ಬಟ್ಟೆ ಗಿಡ್ಡ ಮಾಡಿ ಕೆಳಗೆ ಬೇರೆ ಬಣ್ಣದ ಅಂಚು ಕೊಟ್ಟರೆ?

ಮನೆಗೆ ಬಂದು ಟೇಪು ಹಿಡಿದು ಕೂತರು. ಲಂಗದ ಉದ್ದ 32 ಇಂಚು. ಒಂದೊಂದರಲ್ಲಿ ನಾಲ್ಕು ಇಂಚು ಉಳಿಸಿದರೆ 28. 21 ಲಂಗದ ಬಟ್ಟೆಯಲ್ಲಿ 24 ಲಂಗ ಸರಿಯಾಗಿ ಆಗುತ್ತದೆ. ಅಂಚಿಗೆ ಬೇಕಾದ ಬಟ್ಟೆ ಮನೆಯಲ್ಲೇ ತುಂಡುಗಳಲ್ಲಿ ಒಂದಿಷ್ಟು ಇತ್ತು, ಉಳಿದದ್ದು ಕೊಂಡರು. ಶಾಲೆಯವರನ್ನು ಮೊದಲೇ ಕೇಳಿ ಒಪ್ಪಿಸಿಕೊಂಡರು. ಅಂಚು ಇದ್ದ ಲಂಗವೇ ಅವರಿಗೆ ಹೆಚ್ಚು ಇಷ್ಟವಾಯಿತು. ಕಂತು ಆ ತಿಂಗಳೇ ಬಂತು.

ಯೋಚನೆ ಬಂದದ್ದು ನಡೆಯುವಾಗ, ಲೆಕ್ಕ ಆದದ್ದು ಕೂತಾಗ. ಅವರು ಸ್ಟಾನ್‌ಫರ್ಡಿನ ಹೆಸರು ಕೇಳಿದವರಲ್ಲ. ನಡೆದಾಗಲೆಲ್ಲ ಹೀಗೇ ಆಗುತ್ತದೆ ಅಂತ ನಾವು ಹೇಳುವುದಿಲ್ಲ. ಎಷ್ಟೋ ದಿನ ನಡೆದು ಬಂದರೂ ಚಿಂತೆ ಹಾಗೇ ಇರುತ್ತದೆ. ಕೊನೇ ಪಕ್ಷ ಆ ರಾತ್ರಿ ನಿದ್ದೆ ಬರುತ್ತದೆ. ಮನಸ್ಸಿಗೂ ಇದರಿಂದ ಲಾಭ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರಲ್ಲಿ ಅರ್ಧದಷ್ಟು ಚಟುವಟಿಕೆ ಇದ್ದವರಲ್ಲಿ ಕೂಡ, ಏನೂ ಇಲ್ಲದವರಿಗಿಂತ ಖಿನ್ನತೆ ಬರುವ ಸಾಧ್ಯತೆ ಶೇ. 18ರಷ್ಟು ಕಡಿಮೆ ಇತ್ತೆಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ತೋರಿಸಿತು. ಆದರೆ ವಾರಗಟ್ಟಲೆ ಅಳು, ಯಾವುದರಲ್ಲೂ ಮನಸ್ಸಿಲ್ಲ, ಸಾಯಬೇಕು ಅನಿಸುತ್ತದೆ ಅಂದರೆ ನಡಿಗೆ ಸಾಲದು. ಅಂಥ ಅಕ್ಕನನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಅಕ್ಕನಿಗೆ ಇನ್ನರ್ಧ ಉತ್ತರ

ನಾಲ್ಕು ಮನೆ ಸುತ್ತುವ ಅಕ್ಕಾ, ನಿಮ್ಮ ಕಾಲು ನಡೆಯುತ್ತದೆ, ಸರಿ. ಆ ಹೊತ್ತಿನಲ್ಲಿ ನಿಮ್ಮ ತಲೆ ಯಾರದ್ದು? ಮೊದಲ ಮನೆಯಲ್ಲಿ ತಡವಾಯಿತು, ಎರಡನೇ ಮನೆ ಅಮ್ಮ ಫೋನ್ ಮಾಡುತ್ತಿದ್ದಾರೆ, ಮೂರನೇ ಮನೆಗೆ ನೆಂಟರು ಬಂದಿದ್ದಾರೆ, ಕೈಯಲ್ಲಿ ಚೀಲ, ಚೀಲದಲ್ಲಿ ಸೊಪ್ಪು. ಅದು ನಡಿಗೆ ಹೌದು, ನಿಮ್ಮ ನಡಿಗೆ ಅಲ್ಲ. ನಿಮಗೆ ಬೇಕಾಗಿರುವುದು ಕೈ ಬೀಸಿಕೊಂಡು, ಏನೂ ಹೊರದೆ, ಯಾರಿಗೂ ಉತ್ತರ ಕೊಡದೆ ನಡೆಯುವ ಹತ್ತು ನಿಮಿಷ. ಕೊನೆಯ ಮನೆಯ ಕೆಲಸ ಮುಗಿಸಿ ಹಿಂದೆ ಬರುವಾಗ ಫೋನನ್ನು ಸೆರಗಿಗೆ ಕಟ್ಟಿ, ನೆರಳಿರುವ ಕ್ರಾಸ್ ಹಿಡಿದು ನಿಧಾನವಾಗಿ ಬನ್ನಿ. ಮಂಡಿ ನೋವು ಇದ್ದ ದಿನ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತು ಬನ್ನಿ, ಅದೂ ಆದೀತು.

ಇದು ಹೇಳಿದಷ್ಟು ಸುಲಭವಲ್ಲ ಎಂದು ನಮಗೆ ಗೊತ್ತು. ಅಂಗಡಿಗೆ ಹೋಗಿದ್ದೆ ಅಂದರೆ ಮನೆಯಲ್ಲಿ ಒಪ್ಪುತ್ತಾರೆ, ಸುಮ್ಮನೆ ನಡೆಯಲು ಹೋಗಿದ್ದೆ ಅಂದರೆ ಒಪ್ಪುವುದಿಲ್ಲ. ಗಂಡಸರು ಕಾಫಿಗೆ ಅಂತ ಹೋಗಿ ಒಂದು ಗಂಟೆ ಬಿಟ್ಟು ಬರುತ್ತಾರೆ, ಯಾರೂ ಕೇಳುವುದಿಲ್ಲ. ಕೆಲವು ಅಕ್ಕಂದಿರು ಉಪಾಯ ಮಾಡಿದ್ದಾರೆ: "ಸಂಘದ ಕೆಲಸ" ಅಂತ ಹೇಳಿ ಇಬ್ಬರು ಮೂವರು ಕೂಡಿ ಹೊರಡುತ್ತಾರೆ. ಸುಳ್ಳೂ ಅಲ್ಲ, ಯಾಕೆಂದರೆ ಈಗ ಇದು ಸಂಘದ ಪಾಠ. ಆದರೆ ಒಂದು ದಿನ ನೇರವಾಗಿ, ನನ್ನ ಆರೋಗ್ಯಕ್ಕೆ ನಡೆದು ಬರ್ತೀನಿ, ಅಷ್ಟು ಹೊತ್ತು ಅನ್ನಕ್ಕೆ ಇಟ್ಟಿರಿ ಅಂತ ಹೇಳುವುದು ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಹೇಳಿದ ಒಬ್ಬರ ಮನೆಯಲ್ಲಿ ಮಗ ಅನ್ನ ಮಾಡಲು ಕಲಿತಿದ್ದಾನೆ. ಮೊದಲ ದಿನ ತಳ ಹಿಡಿಸಿದನಂತೆ.

ನಮ್ಮ ಜೆ.ಪಿ. ನಗರದಲ್ಲಿ ಎಲ್ಲಿ ನಡೆಯುವುದು?

ನಮಗೆ ಜಾಗಕ್ಕೆ ಬರ ಇಲ್ಲ. ಕನಕಪುರ ರಸ್ತೆಯ ಕಡೆ ಸಾರಕ್ಕಿ ಕೆರೆ ಇದೆ, ಎಂಬತ್ತು ಎಕರೆಗೂ ಹೆಚ್ಚು. ಅದರ ಅಂಚನ್ನೆಲ್ಲ ಒತ್ತುವರಿ ಮಾಡಿಕೊಂಡಿದ್ದರು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಒತ್ತುವರಿ ತೆರವು ಮಾಡಿಸಿತು. ಆಮೇಲೆ ಕೆರೆಯನ್ನು ಸರಿಪಡಿಸಿ ಸುತ್ತ ನಡೆಯುವ ದಾರಿ ಮಾಡಿದರು. ಏಳನೇ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ, ಸಣ್ಣದು, ಹದಿಮೂರು ಎಕರೆಯಷ್ಟು. ಅದು ಒಣಗಿ ಹಾಳಾಗುತ್ತಿದ್ದಾಗ ಅಲ್ಲೇ ಪಕ್ಕದಲ್ಲಿ ವಾಸವಿದ್ದ ಲೇಖಕಿ ಉಷಾ ರಾಜಗೋಪಾಲನ್ ನೆರೆಹೊರೆಯವರನ್ನು ಸೇರಿಸಿ 2010ರಲ್ಲಿ ಒಂದು ಟ್ರಸ್ಟ್ ಮಾಡಿದರು. ಮರುವರ್ಷ ಆಗಿನ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳುವ ಕೆಲಸಕ್ಕೆ ಇಳಿದರು. ಈಗ ಅಲ್ಲಿ ನೀರಿದೆ, ಹಕ್ಕಿಗಳಿವೆ. ಒಬ್ಬ ಹೆಂಗಸು ಮನೆಯಿಂದ ಹೊರಗೆ ಕಣ್ಣು ಹಾಯಿಸಿ ಇದು ಯಾಕೆ ಹೀಗಿದೆ ಅಂತ ಕೇಳಿದ್ದರಿಂದ ಶುರುವಾದದ್ದು ಅದು. ಇವಲ್ಲದೆ ಮಿನಿ ಫಾರೆಸ್ಟ್ ಇದೆ, ರಾಗಿಗುಡ್ಡದ ಸುತ್ತಿನ ಬೀದಿಗಳಿವೆ, ಬಡಾವಣೆಯೊಳಗಿನ ಮರದ ನೆರಳಿನ ಕ್ರಾಸ್‌ಗಳಿವೆ.

ಯಾವುದೂ ಆಗದಿದ್ದರೆ ಬಸ್ಸು ಇದೆ. ಆಶ್ಚರ್ಯಪಡಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು, ದೊಡ್ಡ ಉಪಕಾರ. ಜೊತೆಗೆ ಒಂದೇ ಸ್ಟಾಪಿಗೂ ಬಸ್ಸು ಕಾಯುವ ಅಭ್ಯಾಸ ಬಂತು, ನಮಗೂ ಬಂದಿದೆ. ಇಳಿಯಬೇಕಾದ ಜಾಗಕ್ಕೆ ಒಂದು ಸ್ಟಾಪ್ ಮೊದಲೇ ಇಳಿಯಿರಿ. ಹೋಗುತ್ತಾ ಹತ್ತು ನಿಮಿಷ, ಬರುತ್ತಾ ಹತ್ತು ನಿಮಿಷ ಅಲ್ಲೇ ಆಯಿತು.

ಫುಟ್‌ಪಾತ್ ಕಥೆ ಎಲ್ಲರಿಗೂ ಗೊತ್ತು. ಚಪ್ಪಡಿ ಎದ್ದಿರುತ್ತದೆ, ಇಲ್ಲವೆಂದರೆ ಸ್ಕೂಟರ್ ನಿಂತಿರುತ್ತದೆ. ರಸ್ತೆಗೆ ಇಳಿಯಲೇಬೇಕಾದರೆ ಎದುರಿನಿಂದ ವಾಹನ ಬರುವ ಬದಿಯಲ್ಲಿ ನಡೆಯಿರಿ, ಬರುವುದು ಕಾಣಬೇಕು. ನಸುಕಿನಲ್ಲಿ ಒಬ್ಬರೇ ಬೇಡ. ನಾಯಿ ಹಿಂದೆ ಬಂದರೆ ಓಡಬೇಡಿ, ನಿಂತುಬಿಡಿ. ಸವೆದ ಹವಾಯಿ ಚಪ್ಪಲಿ ಜಾರುತ್ತದೆ, ಹಿಮ್ಮಡಿ ಕಟ್ಟುವಂಥ ಚಪ್ಪಲಿಯೋ ಕ್ಯಾನ್ವಾಸ್ ಶೂವೋ ಇರಲಿ. ಸೀರೆಗೆ ಶೂ ಹಾಕಿದರೆ ಜನ ನೋಡುತ್ತಾರೆ ಅಂತ ಒಬ್ಬರು ನಾಚಿಕೊಂಡರು. ಎರಡು ದಿನ ನೋಡುತ್ತಾರೆ, ಮೂರನೇ ದಿನ ಅವರಿಗೇ ಬೇಜಾರಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ರಾತ್ರಿ ಮಲಗುವ ಮೊದಲು ಪಾದದ ಅಡಿ ನೋಡಿಕೊಳ್ಳಿ. ಅಂಥವರಿಗೆ ಗಾಯ ಆದರೂ ನೋವು ಗೊತ್ತಾಗದೆ ಹೋಗಬಹುದು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತಗೊಳ್ಳುವವರು ಸೆರಗಿನ ತುದಿಯಲ್ಲಿ ಒಂದು ತುಂಡು ಕಲ್ಲುಸಕ್ಕರೆ ಕಟ್ಟಿಕೊಂಡಿರಿ. ನಡುಕ, ಬೆವರು ಬಂದರೆ ಅಲ್ಲೇ ಕೂತು ಬಾಯಿಗೆ ಹಾಕಿಕೊಳ್ಳಿ. ಎದೆ ಹಿಡಿದ ಹಾಗಾದರೆ, ಉಸಿರು ಕಟ್ಟಿದರೆ ನಿಂತುಬಿಡಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮೂವತ್ತು ದಾಟಿದವರೆಲ್ಲ ಶುರು ಮಾಡುವ ಮೊದಲು ಹತ್ತಿರದ 'ನಮ್ಮ ಕ್ಲಿನಿಕ್'ನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ.

ಇನ್ನೊಂದು ವಿಷಯ. ಇದನ್ನು ಸಭೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಬಂದು ಮೂವರು ಬೇರೆ ಬೇರೆಯಾಗಿ ಹೇಳಿದರು. ಹೆರಿಗೆ ಆದ ಮೇಲೆ, ಅಥವಾ ವಯಸ್ಸಾದಂತೆ, ಕೆಮ್ಮಿದರೆ, ಬಿರುಸಾಗಿ ನಡೆದರೆ ಮೂತ್ರ ಜಿನುಗುತ್ತದೆ. ಆ ಭಯಕ್ಕೇ ಅವರು ಹೊರಗೆ ನಡೆಯುವುದಿಲ್ಲ. ಇದು ನಿಮ್ಮ ಒಬ್ಬರ ತೊಂದರೆ ಅಲ್ಲ, ಬಹಳ ಹೆಂಗಸರಿಗೆ ಇದೆ. ನಾಚಿಕೆಯ ವಿಷಯವೂ ಅಲ್ಲ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲ ಬಿಡುವ ವ್ಯಾಯಾಮ ಇದೆ, ಕೂತಲ್ಲೇ ಮಾಡಬಹುದು. ಹಲವರಿಗೆ ಕೆಲವು ತಿಂಗಳಲ್ಲಿ ಗುಣ ಕಾಣುತ್ತದೆ. ಗರ್ಭಕೋಶ ಜಾರಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಲೇಡಿ ಡಾಕ್ಟರ ಹತ್ತಿರ ಹೇಳಿ. ಹೇಳಲು ಸಂಕೋಚವಾದರೆ ನಮ್ಮ ಕಾರ್ಯಕರ್ತೆಯರಲ್ಲಿ ಒಬ್ಬರು ಜೊತೆಗೆ ಬರುತ್ತಾರೆ.

ಸಂಘದಲ್ಲಿ ಮಾಡಿ ನೋಡಿ

ಈ ತಿಂಗಳ ಸಭೆಯಲ್ಲಿ ಅಮೆರಿಕದವರ ಪರೀಕ್ಷೆಯನ್ನು ನಾವೇ ಮಾಡಿ ನೋಡೋಣ. ಖರ್ಚು ಏನೂ ಇಲ್ಲ. ಮೊದಲು ಎಲ್ಲರೂ ಕೂತು, 'ಹಳೆಯ ಸೀರೆ'ಯನ್ನು ಏನೇನಕ್ಕೆ ಬಳಸಬಹುದು ಅಂತ ನಾಲ್ಕು ನಿಮಿಷ ಹೇಳಿ. ಬರೆಯಲು ಬರುವ ಒಬ್ಬರು ಬರೆದುಕೊಳ್ಳಲಿ. ತೊಟ್ಟಿಲು, ಕೌದಿ, ಒರೆಸುವ ಬಟ್ಟೆ ಎಲ್ಲರಿಗೂ ಹೊಳೆಯುತ್ತದೆ, ಅದರ ಆಚೆಗೆ ಹೋಗಬೇಕು. ಆಮೇಲೆ ಎಲ್ಲರೂ ಎದ್ದು ಬೀದಿಯಲ್ಲಿ ಹತ್ತು ನಿಮಿಷ ನಡೆಯಿರಿ. ನಡೆಯುತ್ತಲೇ 'ಖಾಲಿ ಅಕ್ಕಿ ಚೀಲ'ದ ಬಗ್ಗೆ ಯೋಚಿಸಿ. ಹಿಂದೆ ಬಂದು ಮತ್ತೆ ನಾಲ್ಕು ನಿಮಿಷ ಹೇಳಿ, ಬರೆದುಕೊಳ್ಳಿ. ಯಾವ ಪಟ್ಟಿ ಉದ್ದವಾಯಿತು, ಯಾವುದರಲ್ಲಿ ಯಾರೂ ಹೇಳದ ಹೊಸ ಮಾತು ಬಂತು ಎಣಿಸಿ. ಮಂಡಿ ನೋವಿನವರು ಕೂತೇ ಇರಲಿ, ಅವರ ಪಟ್ಟಿ ಬೇರೆ ಮಾಡಿ. ಹೋಲಿಸಲು ಅದೂ ಬೇಕು.

ನಡೆದವರ ಪಟ್ಟಿಯೇ ಚಿಕ್ಕದಾದರೆ ಅದನ್ನೂ ಹಾಗೇ ಬರೆಯಿರಿ, ನಮಗೆ ಬೇಸರವಿಲ್ಲ. ಆಮೇಲೆ ಈ ಮೂರು ಪ್ರಶ್ನೆ ಮಾತಾಡಿ. ನಮ್ಮ ದಿನದಲ್ಲಿ ಯಾರೂ ನಮ್ಮನ್ನು ಕರೆಯದ ಹೊತ್ತು ಎಷ್ಟು ನಿಮಿಷ ಇದೆ? ನಮ್ಮಲ್ಲಿ ಯಾರು ಯಾರ ಜೊತೆ, ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ನಡೆಯಬಹುದು? ದಾರಿಯಲ್ಲಿ ದೀಪ ಇಲ್ಲದ ಜಾಗ, ಚಪ್ಪಡಿ ಎದ್ದ ಜಾಗ ಯಾವುವು? ಕೊನೆಯದನ್ನು ಕ್ರಾಸ್ ನಂಬರ್ ಸಮೇತ ಬೇರೆ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ ಒಕ್ಕೂಟದ ಸಭೆಗೆ ತನ್ನಿ. ಎಲ್ಲ ಸಂಘಗಳ ಹಾಳೆ ಸೇರಿಸಿ ನಗರ ಪಾಲಿಕೆಗೆ ಒಂದೇ ಅರ್ಜಿ ಕೊಡೋಣ. ಸೀರೆಯ ಪಟ್ಟಿ, ಅಕ್ಕಿ ಚೀಲದ ಪಟ್ಟಿ ಎರಡನ್ನೂ ಮರೆಯದೆ ತನ್ನಿ. ಹೊಲಿಗೆಯ ಅಕ್ಕಂದಿರು ಈಗಾಗಲೇ ಆ ಚೀಲದ ಮೇಲೆ ಕಣ್ಣಿಟ್ಟಿದ್ದಾರೆ.